ಇಟ್ಟವರೇ ಹೊಣೆ: ಒಂದು ನಿಯಮದ ನೂರೈವತ್ತು ವರ್ಷ

ಗೋದಾಮಿಗೆ ಬೆಂಕಿ ಬಿದ್ದ ಸುದ್ದಿಗೆ ನಮ್ಮಲ್ಲಿ ಒಂದು ಸಿದ್ಧ ಅಚ್ಚಿದೆ. ಜಿಲ್ಲಾ ಪುಟಕ್ಕೆ ಸುದ್ದಿ ಕಳಿಸುವ ಎಲ್ಲರಿಗೂ ಅದು ಬಾಯಿಪಾಠ. ಮೊದಲ ಪ್ಯಾರಾದಲ್ಲಿ ಸತ್ತವರ ಸಂಖ್ಯೆ, ಎರಡನೆಯದರಲ್ಲಿ ಅಗ್ನಿಶಾಮಕ ವಾಹನಗಳ ಸಂಖ್ಯೆ, ಮೂರನೆಯದರಲ್ಲಿ 'ಶಾರ್ಟ್ ಸರ್ಕ್ಯೂಟ್ ಶಂಕೆ', ನಾಲ್ಕನೆಯದರಲ್ಲಿ ಮಾಲೀಕರ ಮೇಲೆ ನಿರ್ಲಕ್ಷ್ಯದ ಪ್ರಕರಣ. ಮರುದಿನ ಉಸ್ತುವಾರಿ ಸಚಿವರ ಭೇಟಿ, ಪರಿಹಾರದ ಘೋಷಣೆ. ಮೂರನೇ ದಿನಕ್ಕೆ ಆ ಊರಿನ ಹೆಸರೇ ಪುಟದಿಂದ ಮಾಯ.

ಈ ಅಚ್ಚಿನ ಒಳಗೆ ಒಂದು ನಂಬಿಕೆ ಕೂತಿದೆ. ಯಾರದಾದರೂ ತಪ್ಪು ಕೋರ್ಟಿನಲ್ಲಿ ಸಾಬೀತಾದರೆ ಮಾತ್ರ ನೊಂದವರಿಗೆ ಹಣ ಕೇಳುವ ಹಕ್ಕು. ಅಲ್ಲಿಯವರೆಗೆ ಸಿಗುವುದೆಲ್ಲ ಸರ್ಕಾರದ ದಯೆ ಎನ್ನುವ ನಂಬಿಕೆ. ಓದುಗರೂ ಹಾಗೇ ತಿಳಿದಿದ್ದಾರೆ, ಬರೆಯುವ ನಾವೂ ಬಹುಪಾಲು ಹಾಗೇ ತಿಳಿದಿದ್ದೇವೆ. ಆದರೆ ಅಪಾಯಕಾರಿ ವಸ್ತು ಸಂಗ್ರಹಿಸಿಟ್ಟು ಅದರಿಂದ ಹಾನಿಯಾದಾಗ ಹೊಣೆ ಯಾರದು ಎಂಬ ಪ್ರಶ್ನೆಗೆ ಕಾನೂನು ಬೇರೆಯೇ ಉತ್ತರ ಕೊಟ್ಟು ದಶಕಗಳೇ ಕಳೆದಿವೆ. ಆ ಉತ್ತರ ಹೇಗೆ ರೂಪುಗೊಂಡಿತು, ಎಲ್ಲಿ ಬಲವಾಯಿತು, ಎಲ್ಲಿ ಸೊರಗಿತು ಎಂಬುದನ್ನು ಒಮ್ಮೆ ಹಿಂದಿನಿಂದ ನೋಡಿಕೊಂಡು ಬರೋಣ.

ಗಣಿಗೆ ನುಗ್ಗಿದ ನೀರು

ಕಥೆ ಶುರುವಾಗುವುದು ರಾಸಾಯನಿಕದಿಂದಲ್ಲ, ನೀರಿನಿಂದ. ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ ಜಾನ್ ರೈಲ್ಯಾಂಡ್ಸ್ ಎಂಬ ಗಿರಣಿ ಮಾಲೀಕರಿದ್ದರು. ಗಿರಣಿಗೆ ನೀರು ಬೇಕೆಂದು 1860ರಲ್ಲಿ ಒಂದು ಜಲಾಶಯ ಕಟ್ಟಿಸಿದರು. ಎಂಜಿನಿಯರನ್ನೂ ಗುತ್ತಿಗೆದಾರರನ್ನೂ ಗೊತ್ತುಮಾಡಿ ಕೆಲಸ ಒಪ್ಪಿಸಿದ್ದರು. ನೆಲ ಅಗೆಯುವಾಗ ಹಳೆಯ ಗಣಿಯ ಬಾವಿಗಳು ಸಿಕ್ಕವು. ಕೆಲಸದವರು ಅವನ್ನು ಸರಿಯಾಗಿ ಮುಚ್ಚಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ನೀರು ತುಂಬಿದ ಕೂಡಲೇ ತಳ ಒಡೆಯಿತು. ನೀರು ಹಳೆಯ ಸುರಂಗಗಳ ಮೂಲಕ ಹರಿದು ಪಕ್ಕದ ಥಾಮಸ್ ಫ್ಲೆಚರ್ ಅವರ ಕಲ್ಲಿದ್ದಲು ಗಣಿಗೆ ನುಗ್ಗಿತು.

ರೈಲ್ಯಾಂಡ್ಸ್ ಅವರದು ವೈಯಕ್ತಿಕ ತಪ್ಪೇನೂ ಇರಲಿಲ್ಲ. ನೆಲದಡಿ ಬಾವಿಗಳಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಆದ್ದರಿಂದ ಮೊದಲ ಸುತ್ತಿನಲ್ಲಿ ಫ್ಲೆಚರ್ ಸೋತರು. 1866ರಲ್ಲಿ ಮೇಲಿನ ಕೋರ್ಟಿನಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ತೀರ್ಪನ್ನು ತಿರುಗಿಸಿದರು. 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಎತ್ತಿಹಿಡಿಯಿತು. ತೀರ್ಪಿನ ಸಾರ ಇಷ್ಟು: ಹೊರಗೆ ಹೋದರೆ ಹಾನಿ ಮಾಡುವಂಥದ್ದನ್ನು ನಿನ್ನ ಜಾಗಕ್ಕೆ ತಂದು ಕೂಡಿಟ್ಟರೆ, ಅದನ್ನು ಒಳಗೇ ಇಟ್ಟುಕೊಳ್ಳುವ ಹೊಣೆ ನಿನ್ನದು. ತಪ್ಪಿಸಿಕೊಂಡು ಹೋಯಿತೋ, ನಷ್ಟ ತುಂಬಿಕೊಡಬೇಕು. ಜಾಗದ ಬಳಕೆ ಅಸಹಜವಾಗಿರಬೇಕು ಎಂಬ ಷರತ್ತನ್ನು ಲಾರ್ಡ್ ಕೇರ್ನ್ಸ್ ಸೇರಿಸಿದರು.

ಇದನ್ನು ಕಟ್ಟುನಿಟ್ಟಿನ ಹೊಣೆ ಎನ್ನುತ್ತಾರೆ. ಕಟ್ಟುನಿಟ್ಟು ಎಂದು ಹೆಸರಿದ್ದರೂ ಅದರಲ್ಲಿ ಕಿಂಡಿಗಳು ಬಹಳ. ದೈವಿಕ ಘಟನೆಯೆಂದು ತೋರಿಸಿದರೆ ಬಿಡುಗಡೆ. ಹೊರಗಿನ ಯಾರೋ ಮಾಡಿದ ಕೃತ್ಯವೆಂದರೆ ಬಿಡುಗಡೆ. ನೊಂದವರದೇ ತಪ್ಪೆಂದರೆ, ಅವರ ಒಪ್ಪಿಗೆ ಇತ್ತೆಂದರೆ, ಶಾಸನವೇ ಅನುಮತಿ ಕೊಟ್ಟಿತ್ತೆಂದರೆ ಬಿಡುಗಡೆ.

ಕೆರೆ ಒಡೆದಾಗ

ಈ ನಿಯಮ ನಮ್ಮ ಕಡೆಗೆ ಬಂದ ಕೂಡಲೇ ಅದಕ್ಕೆ ಎದುರಾದದ್ದು ಕೆರೆ. ಆಗಿನ ಮದ್ರಾಸ್ ಪ್ರಾಂತ್ಯದ, ಈಗ ಆಂಧ್ರದ ಚಿತ್ತೂರು ಸೀಮೆಯಲ್ಲಿರುವ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಭಾರಿ ಮಳೆಗೆ ಒಡೆದು ರೈಲು ಮಾರ್ಗಕ್ಕೆ ಹಾನಿಯಾಯಿತು. ಮದ್ರಾಸ್ ರೈಲ್ವೆ ಕಂಪನಿ ನಷ್ಟ ಕೇಳಿತು. ಲ್ಯಾಂಕಾಷೈರ್‌ನಲ್ಲಿ ಜಲಾಶಯ ಒಡೆದರೆ ಕೊಡಬೇಕಾದದ್ದು ಇಲ್ಲಿ ಕೆರೆ ಒಡೆದರೆ ಯಾಕಿಲ್ಲ ಎಂಬುದು ಅದರ ವಾದ.

ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1874ರಲ್ಲಿ ಬಂದ ತೀರ್ಪು ರೈಲ್ವೆಯ ವಾದವನ್ನು ಒಪ್ಪಲಿಲ್ಲ. ಈ ನಾಡಿನಲ್ಲಿ ಕೆರೆ ಒಬ್ಬ ಗಿರಣಿ ಮಾಲೀಕನ ಲಾಭದ ಕಟ್ಟಡವಲ್ಲ. ಅನಾದಿಯಿಂದ ಇರುವ, ಸಾವಿರಾರು ಜನರ ಬೇಸಾಯಕ್ಕೆ ಬೇಕಾದ ವ್ಯವಸ್ಥೆ. ಅದನ್ನು ಉಳಿಸಿಕೊಂಡು ಬರುವುದು ಜಮೀನ್ದಾರರ ಕರ್ತವ್ಯ ಎಂದು ಅದು ಹೇಳಿತು. ನಿರ್ಲಕ್ಷ್ಯ ಸಾಬೀತಾಗದೆ ಅವರನ್ನು ಹೊಣೆ ಮಾಡುವಂತಿಲ್ಲ ಎಂದಿತು.

ಕೆರೆ ಏರಿಯ ಮೇಲೆ ಓಡಾಡಿ ಬೆಳೆದವರಿಗೆ ಈ ತೀರ್ಪಿನ ತರ್ಕ ತಟ್ಟನೆ ಹಿಡಿಸುತ್ತದೆ. ಎಲ್ಲರಿಗಾಗಿ ಕೂಡಿಟ್ಟ ನೀರು ಒಂದು, ಒಬ್ಬರ ಲಾಭಕ್ಕಾಗಿ ಕೂಡಿಟ್ಟ ಅಪಾಯ ಇನ್ನೊಂದು. ಯಾಕೆ ಇಟ್ಟರು, ಯಾರಿಗಾಗಿ ಇಟ್ಟರು ಎಂಬುದರ ಮೇಲೆ ಹೊಣೆಯ ತೂಕ ಬದಲಾಗುತ್ತದೆ. ಈ ಮಾತು ನೂರಕ್ಕೂ ಹೆಚ್ಚು ವರ್ಷದ ಮೇಲೆ ದೆಹಲಿಯಲ್ಲಿ ಬೇರೆ ರೂಪದಲ್ಲಿ ತಿರುಗಿ ಬಂತು. ಅದಕ್ಕೆ ಮೊದಲು ಭೋಪಾಲ್ ಆಯಿತು.

ಟ್ಯಾಂಕ್ ನಂಬರ್ 610

1984ರ ಡಿಸೆಂಬರ್ 2ರ ರಾತ್ರಿ ಕಳೆದು 3 ಹುಟ್ಟುವ ಹೊತ್ತಿಗೆ ಭೋಪಾಲ್‌ನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಅನಿಲ ಹೊರಬಂತು. ಅದನ್ನು ನಾವು ಅನಿಲ ದುರಂತ ಎಂದೇ ಕರೆಯುತ್ತೇವೆ. ಬಿಡಿಸಿ ನೋಡಿದರೆ ಅದು ದಾಸ್ತಾನಿನ ದುರಂತ. ಕೀಟನಾಶಕ ತಯಾರಿಸಲು ಬೇಕಾದ ಮೀಥೈಲ್ ಐಸೋಸಯನೇಟನ್ನು ನೆಲದಡಿಯ ದೊಡ್ಡ ಟ್ಯಾಂಕುಗಳಲ್ಲಿ ಟನ್‌ಗಟ್ಟಲೆ ಕೂಡಿಟ್ಟಿದ್ದರು. 610ನೇ ನಂಬರಿನ ಟ್ಯಾಂಕಿನಲ್ಲಿ ಅಂದು ಸುಮಾರು 40 ಟನ್ ಇತ್ತು. ಅದನ್ನು ತಣ್ಣಗಿಡುವ ಶೈತ್ಯ ಘಟಕ ತಿಂಗಳುಗಳ ಹಿಂದೆಯೇ ನಿಂತಿತ್ತು. ಹೊರಬಂದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆ ಸಂಪರ್ಕ ಕಡಿದಿತ್ತು. ಟ್ಯಾಂಕಿಗೆ ನೀರು ಸೇರಿ ಒಳಗೆ ಕಾವೇರಿತು. ಉಳಿದದ್ದು ಜಗತ್ತಿಗೇ ಗೊತ್ತು.

ಕಂಪನಿಯ ಸಮರ್ಥನೆ ಏನಿತ್ತು? ಅತೃಪ್ತ ಕಾರ್ಮಿಕನೊಬ್ಬ ಬೇಕೆಂದೇ ನೀರು ಬಿಟ್ಟ ಎಂದು. ಈ ವಾದವನ್ನು 1868ರ ನಿಯಮದ ಪಕ್ಕ ಇಟ್ಟು ನೋಡಿ. ಹೊರಗಿನವರ ಕೃತ್ಯ ಎಂಬ ಕಿಂಡಿಯತ್ತಲೇ ಅದು ಕೈಚಾಚುತ್ತದೆ. ಲಕ್ಷಾಂತರ ಜನ ವಿಷ ಉಸಿರಾಡಿದ ಮೇಲೂ, ಯಾರು ಕೊಳಾಯಿ ತಿರುಗಿಸಿದರು ಎಂಬ ಚರ್ಚೆಯಲ್ಲೇ ವರ್ಷಗಳು ಕಳೆಯಬಹುದಿತ್ತು.

ಒಂದು ವರ್ಷದ ನಂತರ, ರಾಜಧಾನಿಯಲ್ಲಿ

ಭೋಪಾಲ್ ನಡೆದು ಸರಿಯಾಗಿ ಒಂದು ವರ್ಷಕ್ಕೆ, 1985ರ ಡಿಸೆಂಬರ್ 4ರಂದು, ದೆಹಲಿಯ ಶ್ರೀರಾಮ್ ಫುಡ್ ಅಂಡ್ ಫರ್ಟಿಲೈಸರ್ ಕಾರ್ಖಾನೆಯಲ್ಲಿ ಓಲಿಯಂ ತುಂಬಿದ್ದ ಟ್ಯಾಂಕು ಅದನ್ನು ಹೊತ್ತಿದ್ದ ಚೌಕಟ್ಟು ಕುಸಿದು ಒಡೆಯಿತು. ಓಲಿಯಂ ಎಂದರೆ ಗಂಧಕಾಮ್ಲದ ಇನ್ನೂ ತೀಕ್ಷ್ಣ ರೂಪ. ಗಾಳಿಗೆ ಸೋಕಿದರೆ ದಟ್ಟ ಹೊಗೆಯಾಗುತ್ತದೆ. ತೀಸ್ ಹಜಾರಿ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದ ಒಬ್ಬರು ಅದರಿಂದ ಸತ್ತರು.

ಈ ಕಾರ್ಖಾನೆಯನ್ನು ಜನವಸತಿಯಿಂದ ದೂರ ಕಳಿಸಬೇಕೆಂದು ವಕೀಲ ಎಂ.ಸಿ. ಮೆಹ್ತಾ ಅಷ್ಟರೊಳಗೇ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. ಸೋರಿಕೆಯ ನಂತರ ಪರಿಹಾರದ ಪ್ರಶ್ನೆಯೂ ಸೇರಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂತು. 1986ರ ಡಿಸೆಂಬರ್ 20ರಂದು, ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಅಧಿಕಾರದ ಕೊನೆಯ ದಿನ, ತೀರ್ಪು ಹೊರಬಿತ್ತು.

ಕಾರ್ಖಾನೆಗಳು ಇಷ್ಟು ಬೆಳೆಯದಿದ್ದ ಕಾಲದ ಇಂಗ್ಲಿಷ್ ನಿಯಮವನ್ನು ನಾವು ಹೊತ್ತುಕೊಂಡು ತಿರುಗಬೇಕಿಲ್ಲ ಎಂದಿತು ಪೀಠ. ಅಪಾಯಕಾರಿ ಉದ್ಯಮ ನಡೆಸುವವರು ಅದರಿಂದ ಲಾಭ ಪಡೆಯುತ್ತಾರೆ. ಅಪಾಯ ಏನು, ಅದನ್ನು ತಡೆಯುವುದು ಹೇಗೆ ಎಂದು ತಿಳಿಯುವ ಶಕ್ತಿ ಇರುವುದೂ ಅವರಿಗೇ. ಹಾನಿಯಾದರೆ ಅವರೇ ಪೂರ್ತಿ ಹೊಣೆ. 'ಎಲ್ಲ ಎಚ್ಚರ ವಹಿಸಿದ್ದೆವು' ಎನ್ನುವಂತಿಲ್ಲ. ದೈವಿಕ ಘಟನೆ, ಮೂರನೆಯವರ ಕೃತ್ಯ ಮುಂತಾದ ಯಾವ ಕಿಂಡಿಯೂ ಇಲ್ಲ. ಉದ್ಯಮ ದೊಡ್ಡದಾದಷ್ಟೂ ಕೊಡಬೇಕಾದ ಹಣವೂ ದೊಡ್ಡದಾಗಬೇಕು. ಇದೇ ಸಂಪೂರ್ಣ ಹೊಣೆಯ ನಿಯಮ. ಯಾರು ತಪ್ಪು ಮಾಡಿದರು ಎಂಬ ಪ್ರಶ್ನೆಯ ಜಾಗದಲ್ಲಿ ಯಾರು ಇಟ್ಟಿದ್ದರು ಎಂಬ ಪ್ರಶ್ನೆ ಬಂದು ಕೂತಿತು.

ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಸಂಗತಿಯೂ ಇದೆ. ಇಷ್ಟು ಬಲವಾದ ನಿಯಮ ಹೇಳಿದ ಕೋರ್ಟು ಶ್ರೀರಾಮ್ ಪ್ರಕರಣದಲ್ಲಿ ಯಾರಿಗೂ ಪರಿಹಾರದ ಹಣ ನಿಗದಿ ಮಾಡಲಿಲ್ಲ. ಖಾಸಗಿ ಕಂಪನಿಯೊಂದು ಮೂಲಭೂತ ಹಕ್ಕಿನ ಮೊಕದ್ದಮೆಗೆ ಉತ್ತರಿಸಬೇಕಾದ 'ಪ್ರಭುತ್ವ'ದ ವ್ಯಾಖ್ಯೆಗೆ ಬರುತ್ತದೋ ಇಲ್ಲವೋ ಎಂಬುದನ್ನು ಇತ್ಯರ್ಥ ಮಾಡದೆ, ನೊಂದವರ ಪರವಾಗಿ ಎರಡು ತಿಂಗಳಲ್ಲಿ ಬೇರೆ ದಾವೆ ಹೂಡುವಂತೆ ದೆಹಲಿಯ ಕಾನೂನು ನೆರವು ಮಂಡಳಿಗೆ ಹೇಳಿತು. ನಿಯಮ ಹುಟ್ಟಿದ್ದು ಒಂದು ಬಾಗಿಲಲ್ಲಿ, ಹಣಕ್ಕಾಗಿ ತಟ್ಟಬೇಕಾದದ್ದು ಮತ್ತೊಂದು ಬಾಗಿಲು. ಮುಂದಿನ ನಲವತ್ತು ವರ್ಷದ ಕಥೆಯೂ ಹೆಚ್ಚು ಕಡಿಮೆ ಇದೇ.

ನಿಯಮ ಗೆದ್ದಿತು, ಹಣ ಬರಲಿಲ್ಲ

ಭೋಪಾಲ್ ಪ್ರಕರಣದಲ್ಲಿ 1987ರ ಡಿಸೆಂಬರ್‌ನಲ್ಲಿ ಅಲ್ಲಿನ ಜಿಲ್ಲಾ ನ್ಯಾಯಾಧೀಶರು 350 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಆದೇಶಿಸಿದರು. 1988ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಅದನ್ನು 250 ಕೋಟಿಗೆ ಇಳಿಸಿದರೂ, ಶ್ರೀರಾಮ್ ತೀರ್ಪಿನ ನಿಯಮವನ್ನೇ ಆಧಾರವಾಗಿ ಹಿಡಿಯಿತು. ಆದರೆ 1989ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ರಾಜಿಯಾಯಿತು. ಭಾರತ ಸರ್ಕಾರ ಕೇಳಿದ್ದು 330 ಕೋಟಿ ಡಾಲರ್, ಒಪ್ಪಿಕೊಂಡದ್ದು 47 ಕೋಟಿ ಡಾಲರ್. ಯಾರು ಹೊಣೆ ಎಂಬ ಪ್ರಶ್ನೆಗೆ ಪೂರ್ಣ ವಿಚಾರಣೆಯೇ ನಡೆಯಲಿಲ್ಲ. ಕ್ರಿಮಿನಲ್ ಪ್ರಕರಣದಲ್ಲಿ 2010ರ ಜೂನ್‌ನಲ್ಲಿ ಶಿಕ್ಷೆಯಾದದ್ದು ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧಕ್ಕೆ, ಎರಡು ವರ್ಷ. ಹೆಚ್ಚುವರಿ ಪರಿಹಾರ ಕೋರಿ ಕೇಂದ್ರ ಸರ್ಕಾರ ಹಾಕಿದ್ದ ಅರ್ಜಿಯನ್ನು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ರಿ ಹಳ್ಳಿಯ ಕಥೆ ಇದಕ್ಕಿಂತ ಚಿಕ್ಕದು, ಆದರೆ ನಮ್ಮ ಹಳ್ಳಿಗಳಿಗೆ ಹೆಚ್ಚು ಹತ್ತಿರದ್ದು. ಅಲ್ಲಿ 1988ರ ಸುಮಾರಿಗೆ 'ಎಚ್ ಆಸಿಡ್' ಎಂಬ ರಾಸಾಯನಿಕದ ತಯಾರಿ ಶುರುವಾಯಿತು. ತಯಾರಾದದ್ದು 375 ಟನ್, ಉಳಿದ ವಿಷಕೆಸರು 2,440 ಟನ್. ಅದನ್ನು ಕಾರ್ಖಾನೆಯ ಒಳಗೂ ಸುತ್ತಲೂ ಬಯಲಲ್ಲೇ ಸುರಿದಿಟ್ಟರು. ಮಳೆ ಬಂತು, ಕೆಸರು ನೆಲಕ್ಕಿಳಿಯಿತು, ಬಾವಿಗಳ ನೀರು ಬಣ್ಣ ತಿರುಗಿತು. ಕುಡಿಯಲು, ದನಕ್ಕೆ, ಗದ್ದೆಗೆ ಯಾವುದಕ್ಕೂ ಆಗದಂತಾಯಿತು. ಜನ ದಂಗೆ ಎದ್ದಾಗ ನಿಷೇಧಾಜ್ಞೆ ಬಂತು.

1996ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಅವರಿದ್ದ ಪೀಠ ಬಿಛ್ರಿ ಪರ ತೀರ್ಪು ಕೊಟ್ಟಿತು. ಶ್ರೀರಾಮ್ ಪ್ರಕರಣದಲ್ಲಿ ಹೇಳಿದ್ದು ಬರೀ ಪ್ರಾಸಂಗಿಕ ಮಾತು ಎಂಬ ಅನುಮಾನ ಅಷ್ಟರಲ್ಲಿ ಎದ್ದಿತ್ತು. ಅಲ್ಲ, ಅದು ಈ ದೇಶದ ಕಾನೂನು, ಎಲ್ಲರೂ ಪಾಲಿಸಬೇಕಾದದ್ದು ಎಂದು ಪೀಠ ಖಚಿತ ಮಾಡಿತು. ನೆಲ ನೀರು ಶುದ್ಧ ಮಾಡುವ ವೆಚ್ಚ 37.385 ಕೋಟಿ ರೂಪಾಯಿ ಎಂದು 1997ರಲ್ಲಿ ನಿಗದಿಯಾಯಿತು. ಕಂಪನಿಗಳು ಕಟ್ಟಲಿಲ್ಲ, ಅರ್ಜಿಯ ಮೇಲೆ ಅರ್ಜಿ ಹಾಕುತ್ತಾ ಹೋದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶೇ 12ರ ಚಕ್ರಬಡ್ಡಿ ಸಮೇತ ಕಟ್ಟಿ ಎಂದು ಮತ್ತೆ ಆದೇಶಿಸಬೇಕಾಯಿತು. 1989ರಲ್ಲಿ ಕೋರ್ಟಿಗೆ ಹೋದ ಹಳ್ಳಿ ಅದು. ಬಾವಿ ಕೆಟ್ಟ ವರ್ಷ ಹುಟ್ಟಿದ ಮಗುವಿಗೆ ಆ ಹೊತ್ತಿಗೆ ಇಪ್ಪತ್ತು ದಾಟಿತ್ತು.

ಜಿಲ್ಲಾಧಿಕಾರಿ ಕಚೇರಿಯ ಕಾಯ್ದೆ

ಸುಪ್ರೀಂ ಕೋರ್ಟಿನವರೆಗೆ ಹೋಗಲಾಗದವರಿಗೆ ತಕ್ಷಣ ಒಂದಿಷ್ಟು ಹಣ ಸಿಗಲಿ ಎಂದು ಸಂಸತ್ತು 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ತಂದಿತು. ನಮ್ಮಲ್ಲಿ ಬಹಳ ಜನ ಹೆಸರೂ ಕೇಳದ ಕಾಯ್ದೆ ಇದು. ಇದರಲ್ಲಿರುವುದು ಸರಳ.

ಸರ್ಕಾರ ಪಟ್ಟಿ ಮಾಡಿದ ಅಪಾಯಕಾರಿ ವಸ್ತುವನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ನಿರ್ವಹಿಸುವ ಪ್ರತಿ ಮಾಲೀಕರೂ ವಿಮೆ ಮಾಡಿಸಿರಬೇಕು. ನಿರ್ವಹಣೆ ಎಂದರೆ ತಯಾರಿಕೆ ಮಾತ್ರವಲ್ಲ; ಸಂಗ್ರಹ, ಸಾಗಣೆ, ಮಾರಾಟ ಎಲ್ಲವೂ ಸೇರಿದೆ. ಅಪಘಾತವಾಗಿ ಹೊರಗಿನವರು ಸತ್ತರೆ, ಗಾಯಗೊಂಡರೆ, ಆಸ್ತಿ ಹಾಳಾದರೆ ಮಾಲೀಕರು ಪರಿಹಾರ ಕೊಡಬೇಕು. ಕೇಳುವವರು ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ. ಕಾರ್ಖಾನೆಯ ಕಾರ್ಮಿಕರು ಇದರಲ್ಲಿ ಸೇರಿಲ್ಲ. ಅವರಿಗೆ 1923ರ ಕಾಯ್ದೆಯ ಬೇರೆ ದಾರಿ ಇತ್ತು.

ಅರ್ಜಿ ಕೊಡಬೇಕಾದದ್ದು ಜಿಲ್ಲಾಧಿಕಾರಿಗೆ, ಐದು ವರ್ಷದೊಳಗೆ. ಮೂರು ತಿಂಗಳಲ್ಲಿ ಇತ್ಯರ್ಥ ಮಾಡಲು ಅವರು ಪ್ರಯತ್ನಿಸಬೇಕು. ಇದನ್ನು ಪಡೆದರೆ ಬೇರೆ ಕೋರ್ಟಿನಲ್ಲಿ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ.

ಇನ್ನು ಮೊತ್ತ ನೋಡಿ. ಮೂಲ ಕಾಯ್ದೆಯ ಪರಿಶಿಷ್ಟದ ಪ್ರಕಾರ ಸಾವಿಗೆ 25,000 ರೂಪಾಯಿ. ವೈದ್ಯಕೀಯ ವೆಚ್ಚ ಹೆಚ್ಚೆಂದರೆ 12,500. ಆಸ್ತಿ ಹಾನಿಗೆ ಹೆಚ್ಚೆಂದರೆ 6,000. ಮೂರು ದಶಕ ಈ ಅಂಕಿಗಳು ಕದಲಲಿಲ್ಲ. ಸಂಪೂರ್ಣ ಹೊಣೆ ಎಂದು ಕೋರ್ಟು ಹೇಳಿದ ದೇಶದಲ್ಲಿ, ನೊಂದವರ ಕೈಗೆಟುಕುವ ಕಾಯ್ದೆ ಇಷ್ಟು ಸಣ್ಣದಾಗಿ ಉಳಿಯಿತು.

2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ಇನ್ನೊಂದು ದಾರಿ ತೆರೆಯಿತು. ಅಪಘಾತದ ಪ್ರಕರಣಗಳಲ್ಲಿ ಅಲ್ಲಿಯೂ ತಪ್ಪು ಸಾಬೀತು ಮಾಡಬೇಕಿಲ್ಲ. ಪರಿಹಾರ ಕೇಳಲು ಐದು ವರ್ಷದ ಗಡುವು. ಕರ್ನಾಟಕದ ಪ್ರಕರಣಗಳು ಚೆನ್ನೈ ಪೀಠಕ್ಕೆ ಹೋಗುತ್ತವೆ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಲ್ಲಿ, ಲಾಕ್‌ಡೌನ್ ಕಾಲದಲ್ಲಿ ಸುಮ್ಮನೆ ತುಂಬಿ ನಿಂತಿದ್ದ ಸ್ಟೈರೀನ್ ಟ್ಯಾಂಕು ಕಾವೇರಿ ಆವಿ ಸೋರಿದಾಗ, ಮರುದಿನವೇ 50 ಕೋಟಿ ರೂಪಾಯಿ ಠೇವಣಿ ಇಡಲು ಆದೇಶಿಸಿದ್ದು ಈ ಮಂಡಳಿಯೇ. ವಿಚಿತ್ರವೆಂದರೆ ಆ ಆದೇಶದಲ್ಲಿ ಬಳಸಿದ್ದು 1868ರ ಕಟ್ಟುನಿಟ್ಟಿನ ಹೊಣೆಯ ಪದ. ನಮ್ಮದೇ ಸುಪ್ರೀಂ ಕೋರ್ಟು ಅದನ್ನು ದಾಟಿ ಮೂವತ್ಮೂರು ವರ್ಷವಾಗಿತ್ತು ಎಂದು ಕಾನೂನು ಬಲ್ಲವರು ಆಗ ನೆನಪಿಸಬೇಕಾಯಿತು.

ನಮ್ಮ ಕ್ವಾರಿಗಳು, ನಮ್ಮ ಗೋದಾಮುಗಳು

ಕರ್ನಾಟಕದ ಮೂರು ಹೆಸರುಗಳನ್ನು ಈಗ ನೆನೆಯೋಣ. 2020ರ ನವೆಂಬರ್ 10ರಂದು ಬೆಂಗಳೂರಿನ ಹೊಸಗುಡ್ಡದಹಳ್ಳಿಯಲ್ಲಿ, ಮನೆಗಳ ನಡುವೆ ಇದ್ದ ರಾಸಾಯನಿಕ ಗೋದಾಮು ಹೊತ್ತಿ ಉರಿಯಿತು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಕ್ವಾರಿಗೆಂದು ತಂದ ಸ್ಫೋಟಕ ಸಿಡಿದು ಜೀವಗಳು ಹೋದವು. ಭೂಕಂಪವೆಂದು ಜನ ಮನೆಯಿಂದ ಹೊರಗೋಡಿದರು, ಸುತ್ತಲಿನ ಊರುಗಳಲ್ಲಿ ಗೋಡೆಗಳು ಬಿರುಕು ಬಿಟ್ಟವು. ಒಂದು ತಿಂಗಳು ತುಂಬುತ್ತಿದ್ದಂತೆ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತರು.

ಮೂರರ ಸುದ್ದಿಯಲ್ಲೂ ಪರವಾನಗಿ ಇತ್ತೇ, ಮಾಲೀಕರು ಎಲ್ಲಿ, ಯಾವ ಅಧಿಕಾರಿ ಕಣ್ಮುಚ್ಚಿದ್ದರು ಎಂಬ ಪ್ರಶ್ನೆಗಳು ತುಂಬಿದ್ದವು. ಕೇಳಲೇಬೇಕಾದ ಪ್ರಶ್ನೆಗಳು ಅವು. ಆದರೆ ಅವೆಲ್ಲ ತಪ್ಪಿನ ಪ್ರಶ್ನೆಗಳು, ಕ್ರಿಮಿನಲ್ ಕೋರ್ಟಿನ ಪ್ರಶ್ನೆಗಳು. ಉತ್ತರ ಬರಲು ವರ್ಷಗಳು ಬೇಕು. ಗೋಡೆ ಬಿರುಕು ಬಿಟ್ಟ ಮನೆಯವರಿಗೆ, ಹೊಗೆ ಕುಡಿದು ಆಸ್ಪತ್ರೆ ಸೇರಿದವರಿಗೆ ಬೇಕಾದ ಪ್ರಶ್ನೆ ಬೇರೆ. ಇಟ್ಟಿದ್ದು ಏನು? ಎಷ್ಟು? ಅದು ಪಟ್ಟಿಯಲ್ಲಿರುವ ವಸ್ತುವೇ, ನಿಗದಿತ ಪ್ರಮಾಣ ಮೀರಿತ್ತೇ? ವಿಮೆ ಇತ್ತೇ? 1991ರ ಕಾಯ್ದೆ ಅನ್ವಯಿಸುತ್ತದೋ ಇಲ್ಲವೋ ಎಂಬುದು ಈ ಉತ್ತರಗಳ ಮೇಲೆ ನಿಂತಿದೆ.

ಈ ಪ್ರಶ್ನೆಗಳಿಗೆ ಕಾಗದಗಳೂ ಇರಬೇಕು. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳ ಪ್ರಕಾರ, ದೊಡ್ಡ ಅಪಘಾತವಾದರೆ ಮಾಲೀಕರು 48 ಗಂಟೆಯೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕು. ಸುತ್ತಲಿನ ಜನರಿಗೆ ಅಪಾಯದ ಸ್ವರೂಪವನ್ನು ಮೊದಲೇ ಹೇಳಿರಬೇಕು. 1996ರ ರಾಸಾಯನಿಕ ಅಪಘಾತ ನಿಯಮಗಳ ಪ್ರಕಾರ ಇಂಥ ದೊಡ್ಡ ಘಟಕಗಳಿರುವ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಬಿಕ್ಕಟ್ಟು ನಿರ್ವಹಣಾ ಸಮಿತಿ 45 ದಿನಕ್ಕೊಮ್ಮೆ ಸೇರಬೇಕು. ಸೇರಿದೆಯೇ, ನಡಾವಳಿ ಎಲ್ಲಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಲು ಬೇಕಾದದ್ದು ಹತ್ತು ರೂಪಾಯಿ.

ಕೊನೆಯದಾಗಿ 1991ರ ಕಾಯ್ದೆಯ 5ನೇ ಕಲಮನ್ನು ಈ ಕಸುಬಿನ ಎಲ್ಲರೂ ಓದಬೇಕು. ತನ್ನ ವ್ಯಾಪ್ತಿಯಲ್ಲಿ ಇಂಥ ಅಪಘಾತವಾಗಿದೆಯೆಂದು ಗಮನಕ್ಕೆ ಬಂದ ಕೂಡಲೇ ಜಿಲ್ಲಾಧಿಕಾರಿ ಅದನ್ನು ಪರಿಶೀಲಿಸಿ, ಪರಿಹಾರಕ್ಕೆ ಅರ್ಜಿ ಹಾಕಿ ಎಂದು ಜನರಿಗೆ ಗೊತ್ತಾಗುವಂತೆ ಪ್ರಚಾರ ಕೊಡಬೇಕು ಎಂದು ಅದು ಹೇಳುತ್ತದೆ. ನೊಂದವರೇ ಕಾನೂನು ಹುಡುಕಿಕೊಂಡು ಹೋಗಬೇಕಿಲ್ಲ, ಕಾನೂನೇ ಅವರ ಬಾಗಿಲಿಗೆ ಸುದ್ದಿ ಮುಟ್ಟಿಸಬೇಕು. ಜಿಲ್ಲೆಯಲ್ಲಿ ಸುದ್ದಿ ಮುಟ್ಟಿಸುವ ಕೆಲಸ ಯಾರದೆಂದು ಬೇರೆ ಹೇಳಬೇಕಿಲ್ಲ.

ಮುಂದಿನ ಸಲ ಅಂಥ ಸ್ಥಳಕ್ಕೆ ಹೋದಾಗ, ನಾಲ್ಕನೇ ಪ್ಯಾರಾ ಆದ ಮೇಲೆ ಐದನೆಯದೊಂದನ್ನು ಸೇರಿಸೋಣ: 5ನೇ ಕಲಮಿನ ಪ್ರಕಟಣೆ ಹೊರಟಿದೆಯೇ ಇಲ್ಲವೇ, ಅರ್ಜಿ ಯಾರಿಗೆ ಕೊಡಬೇಕು, ಕೊನೆಯ ದಿನ ಯಾವುದು. ಜಾಗ ಬೇಕಾದದ್ದು ಮೂರು ಸಾಲು. ಸಂಪಾದಕರು ಕತ್ತರಿಸಿದರೆ ಮರುದಿನ ಮತ್ತೆ ಕಳಿಸೋಣ.